ಸ್ಟೀರಿಂಗ್ ಕೈಕೊಟ್ಟರೆ ಕೇಸ್ ಯಾರ ಮೇಲೆ?

ನಮಸ್ಕಾರ. ಲಾರಿ ಪಲ್ಟಿಯಾದ್ರೆ ಎಫ್‌ಐಆರ್‌ಗೆ ಒಂದು ಸಾಲು ಮೊದಲೇ ರೆಡಿ ಇರುತ್ತೆ: ‘ಚಾಲಕನ ಅತಿವೇಗ ಮತ್ತು ಅಜಾಗರೂಕತೆ’. ಎಷ್ಟೋ ಸಲ ಅದೇ ನಿಜ, ಇಲ್ಲ ಅನ್ನಲ್ಲ. ಆದ್ರೆ ಡ್ರೈವರ್ ಸ್ಟೀರಿಂಗ್ ತಿರುಗಿಸಿದ, ಗಾಡಿ ತಿರುಗ್ಲಿಲ್ಲ ಅಂದ್ರೆ?

2016ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಇದೇ ಭಯ ಹುಟ್ಟಿತು. ವೋಲ್ವೊ ಕಂಪನಿಯ ಸುಮಾರು 16 ಸಾವಿರ ಟ್ರಕ್‌ಗಳು, ಎಲ್ಲಾ ಹೊಚ್ಚಹೊಸವು, ವರ್ಷ ಕೂಡ ತುಂಬಿರಲಿಲ್ಲ. ಸ್ಟೀರಿಂಗ್‌ನಿಂದ ಕೆಳಗಿಳಿಯೋ ಶಾಫ್ಟ್ ಒಂದೇ ತುಂಡಲ್ಲ, ಜೋಡಿಸಿದ್ದು. ಆ ಜೋಡಣೆ ಬಿಗಿಯಾಗಿ ಹಿಡಿಯೋ ಬೋಲ್ಟ್ ಸರಿಯಾಗಿ ಟೈಟ್ ಆಗಿಲ್ಲದೆ ಇರಬಹುದು, ಶಾಫ್ಟ್ ಜಾರದಂತೆ ತಡೆಯೋ ಪುಟ್ಟ ರೋಲ್ ಪಿನ್ ಹಾಕೋದೇ ಬಿಟ್ಟುಹೋಗಿರಬಹುದು. ದೋಷ ಇಷ್ಟೇ.

ಟೈರಾಡ್ ಎಂಡ್, ಅಂದ್ರೆ ಮುಂದಿನ ಚಕ್ರ ತಿರುಗಿಸೋ ರಾಡಿನ ತುದಿಯ ಜೋಡಣೆ, ಸವೆದ್ರೆ ಸ್ಟೀರಿಂಗ್ ಆಡುತ್ತೆ, ಗಾಡಿ ಒಂದು ಕಡೆ ಎಳೆಯುತ್ತೆ, ಹಳೇ ಡ್ರೈವರ್‌ಗೆ ಅದು ಕೈಯಲ್ಲೇ ಗೊತ್ತಾಗುತ್ತೆ. ಇಲ್ಲಿ ಹಾಗಲ್ಲ. ಶಾಫ್ಟ್ ಕಳಚಿತು ಅಂದ್ರೆ ಸುಳಿವೇ ಇಲ್ಲದೆ ಸ್ಟೀರಿಂಗ್ ಸುಮ್ಮನೆ ಸುತ್ತುತ್ತೆ. ಅದಕ್ಕೇ ಅಲ್ಲಿನ ಅಧಿಕಾರಿಗಳು ‘ಬಿಡುವಾದಾಗ ಸರ್ವಿಸ್‌ಗೆ ಬನ್ನಿ’ ಅನ್ನಲಿಲ್ಲ. ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ ಅಂದ್ರು. ರಿಪೇರಿ ಆಗದ ಟ್ರಕ್ ರಸ್ತೆಯಲ್ಲಿ ಸಿಕ್ಕರೆ ಮುಂದಕ್ಕೆ ಬಿಡಬೇಡಿ ಅಂತ ತಪಾಸಣೆಯವರಿಗೂ ಹೇಳಿದ್ರು. ರೀಕಾಲ್, ಅಂದ್ರೆ ದೋಷ ಇರೋ ಗಾಡಿಗಳನ್ನ ಕಂಪನಿ ವಾಪಸ್ ಕರೆಸಿ ಸರಿಮಾಡಿ ಕೊಡೋದು, ಹೀಗಿರ್ಬೇಕು ಅನ್ನೋದು ನನ್ನ ಲೆಕ್ಕ.

ಮುಚ್ಚಿಟ್ರೆ ಏನಾಗುತ್ತೆ ಅನ್ನೋದಕ್ಕೆ ಜಪಾನ್ ನೋಡಿ. 2002ರಲ್ಲಿ ಯೊಕೊಹಾಮಾದಲ್ಲಿ ಮಿತ್ಸುಬಿಷಿ ಟ್ರಕ್ಕಿನ ಚಕ್ರ ಕಳಚಿ ಬಂದು ಒಬ್ಬ ತಾಯಿ ಸತ್ತಳು. ಗಾಡಿ ಇಟ್ಕೊಂಡವರ ಮೇಂಟೆನೆನ್ಸ್ ಸರಿಯಿಲ್ಲ ಅಂದಿತು ಕಂಪನಿ. ಚಕ್ರ ಕೂರೋ ಹಬ್‌ನಲ್ಲೇ ದೋಷ ಇದೆ ಅಂತ ಒಪ್ಕೊಂಡಿದ್ದು 2004ರಲ್ಲಿ.

ನಮ್ಮಲ್ಲಿ ಕಾನೂನು ಇಲ್ವಾ? ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ರೀಕಾಲ್‌ಗೆ ಅಂತಲೇ 110ಎ ಕಲಂ ಸೇರಿತು, ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಾದವು. ಆ ನಿಯಮಗಳಲ್ಲಿ ಕಂಪನಿಗೆ ದಂಡ 10 ಲಕ್ಷದಿಂದ 1 ಕೋಟಿವರೆಗೆ. ಲಾರಿ ಮಾಡೋ ಕಂಪನಿಗೆ 1 ಕೋಟಿ ಯಾವ ಲೆಕ್ಕ ಹೇಳಿ!

ನನ್ನ ತಕರಾರು ಬೇರೆ ಕಡೆ. ಸರ್ಕಾರ ರೀಕಾಲ್‌ಗೆ ಆದೇಶ ಮಾಡೋಕೆ ದೂರು ಲೆಕ್ಕಕ್ಕೆ ಬರೋದು ಯಾರದ್ದು? ಇಂತಿಷ್ಟು ಪರ್ಸೆಂಟ್ ಮಾಲೀಕರದ್ದು. ಬೇರೆ ಮೂಲದಿಂದ ಬಂದ ದೂರೂ ನಡೆಯುತ್ತೆ ಅಂತ ಕಾಯ್ದೆ ಹೇಳುತ್ತೆ, ಆದ್ರೆ ಎಣಿಕೆ ಮಾಲೀಕರದ್ದೇ. ಕಾರಿಗೆ ಅದು ಸರಿ, ಓಡಿಸೋನೇ ಓನರ್. ಲಾರಿಯಲ್ಲಿ ಓನರ್ ಹೊಸಪೇಟೆಯಲ್ಲಿ ಕೂತಿರ್ತಾರೆ, ಸ್ಟೀರಿಂಗ್ ಹಿಡಿದವನು ಲೋಡ್ ಸಮೇತ ಶಿರಾಡಿ ಘಾಟಿ ಇಳೀತಿರ್ತಾನೆ. ‘ಸಾಹುಕಾರ್ರೇ, ಸ್ಟೀರಿಂಗ್ ಯಾಕೋ ಸರಿಯಿಲ್ಲ’ ಅಂದ್ರೆ ಬರೋ ಉತ್ತರ ನಿಮಗೂ ಗೊತ್ತು: ‘ಈ ಟ್ರಿಪ್ ಮುಗಿಸಪ್ಪ, ಆಮೇಲೆ ನೋಡೋಣ.’

ಓನರ್‌ನೂ ಪೂರ್ತಿ ಬೈಯೋಕಾಗಲ್ಲ. ಗಾಡಿ ನಿಂತ್ರೂ ಕಂತು ನಿಲ್ಲಲ್ಲ. ದೋಷ ಕಂಪನಿದಾದ್ರೆ ನಿಂತ ದಿನದ ಬಾಡಿಗೆಯನ್ನೂ ಕಂಪನಿಯೇ ಕೊಡ್ಲಿ. ಸ್ಟೀರಿಂಗ್ ರೀಕಾಲ್ ಬಾಕಿ ಇರೋ ಲಾರಿಗೆ ಆರ್‌ಟಿಒ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕೊಡಬಾರದು. ಡ್ರೈವರ್ ಕೊಟ್ಟ ದೂರನ್ನೂ ಎಣಿಸಬೇಕು.

ಅಲ್ಲಿವರೆಗೆ ಡ್ರೈವರ್ ಅಣ್ಣಂದಿರೇ, ಸರ್ವಿಸ್‌ಗೆ ಗಾಡಿ ಬಿಡುವಾಗ ಸ್ಟೀರಿಂಗ್ ಕಂಪ್ಲೇಂಟ್ ಬಾಯಲ್ಲಿ ಹೇಳಿ ಬರಬೇಡಿ. ಜಾಬ್ ಕಾರ್ಡ್‌ನಲ್ಲಿ ಬರೆಸಿ, ಫೋಟೊ ತೆಗೆದು ನಿಮ್ಮ ಮೊಬೈಲ್‌ನಲ್ಲಿ ಇಟ್ಕೊಳ್ಳಿ. ನಾಳೆ ಆ ‘ಅಜಾಗರೂಕತೆ’ಯ ಸಾಲು ನಿಮ್ಮ ಹೆಸರಿಗೆ ಬಂದ್ರೆ ವಕೀಲರು ಮೊದಲು ಕೇಳೋದು ಅದನ್ನೇ.