ರೈನ್ ನದಿಯ ಮೇಲಿನ ಬೆಂಕಿ ಉಂಡೆಗಳು

ಕೇಳುಗರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದ ಸಮಯ, 1944ರ ನವೆಂಬರ್ ಕೊನೆಯ ಭಾಗ. ಫ್ರಾನ್ಸ್ ಮತ್ತು ಜರ್ಮನಿಯ ಗಡಿಯಲ್ಲಿ, ರೈನ್ ನದಿಯ ಕಣಿವೆಯ ಮೇಲೆ ಅಮೆರಿಕದ ಒಂದು ಬ್ಯೂಫೈಟರ್ ವಿಮಾನ ರಾತ್ರಿ ಗಸ್ತು ಹೊಡೆಯುತ್ತಿತ್ತು. 415ನೇ ನೈಟ್ ಫೈಟರ್ ಸ್ಕ್ವಾಡ್ರನ್ನಿನ ವಿಮಾನ ಅದು. ಓಡಿಸುತ್ತಿದ್ದವರು ಲೆಫ್ಟಿನೆಂಟ್ ಎಡ್ವರ್ಡ್ ಶ್ಲೂಟರ್. ಹಿಂದೆ ರೇಡಾರ್ ನೋಡುತ್ತಾ ಕೂತವರು ಡೊನಾಲ್ಡ್ ಮೈಯರ್ಸ್. ಜೊತೆಗೆ ಗುಪ್ತಚರ ಅಧಿಕಾರಿ ಫ್ರೆಡ್ ರಿಂಗ್‌ವಾಲ್ಡ್. ಅವರಿಗೆ ವಿಮಾನದಲ್ಲಿ ಕೆಲಸ ಇರಲಿಲ್ಲ, ನೋಡೋಕೆ ಅಂತ ಹತ್ತಿದ್ದರು.

ಮೊದಲು ಕಂಡದ್ದೂ ಅವರಿಗೇ. ಆ ಬೆಟ್ಟದ ಕಡೆ ಏನೋ ದೀಪ ಕಾಣ್ತಿವೆಯಲ್ಲ ಅಂದರು. ನಕ್ಷತ್ರ ಇರಬೇಕು ಅಂದರು ಶ್ಲೂಟರ್. ಸ್ವಲ್ಪ ಹೊತ್ತಿಗೆ ರಿಂಗ್‌ವಾಲ್ಡ್‌ಗೆ ಹೊಳೆಯಿತು: ಆ ದಿಕ್ಕಿನಲ್ಲಿ ಬೆಟ್ಟವೇ ಇಲ್ಲ! ಎಂಟೋ ಹತ್ತೋ ಕಿತ್ತಳೆ ಬಣ್ಣದ ಬೆಂಕಿ ಉಂಡೆಗಳು ಸಾಲಾಗಿ, ಭಾರಿ ವೇಗದಲ್ಲಿ ಓಡುತ್ತಿದ್ದವು. ನೆಲದ ರೇಡಾರ್ ಕೇಂದ್ರಕ್ಕೆ ಏನೂ ಸಿಗಲಿಲ್ಲ. ಮೈಯರ್ಸ್ ಪರದೆಯೂ ಖಾಲಿ. ಶ್ಲೂಟರ್ ವಿಮಾನವನ್ನು ಅತ್ತ ತಿರುಗಿಸಿದರು. ಉಂಡೆಗಳು ಮಾಯ. ಆಮೇಲೆ ಇನ್ನೂ ದೂರದಲ್ಲಿ ಕಾಣಿಸಿಕೊಂಡು, ಕೊನೆಗೆ ಪೂರ್ತಿ ಇಲ್ಲವಾದವು.

ಇಳಿದ ಮೇಲೆ ಮೂವರೂ ಬಾಯಿ ಬಿಡಲಿಲ್ಲ. ಇಂಥ ವರದಿ ಕೇಳಿ ಬರೆದುಕೊಳ್ಳಬೇಕಾದ ಅಧಿಕಾರಿಯೇ ವಿಮಾನದಲ್ಲಿದ್ದರು, ಆದರೂ! ತಲೆ ಕೆಟ್ಟಿದೆ ಅಂದಾರು ಅನ್ನೋ ಭಯ. ಆದರೆ ಡಿಸೆಂಬರ್‌ನಲ್ಲಿ ಬೇರೆಯವರಿಗೂ ಕಾಣತೊಡಗಿತು. ಹಾಗೆನಾವ್ ಊರಿನ ಹತ್ತಿರ ಬೆಳಗಿನ ಜಾವ 6 ಗಂಟೆಗೆ, 10,000 ಅಡಿ ಎತ್ತರದಲ್ಲಿ, ಎರಡು ದೊಡ್ಡ ಬೆಳಕು ನೆಲದಿಂದ ಮೇಲೆದ್ದು ಬಂದು, ವಿಮಾನದ ಬಾಲ ಹಿಡಿದು ಎರಡು ನಿಮಿಷ ಹಾರಿ, ಆಮೇಲೆ ಪಕ್ಕಕ್ಕೆ ಸರಿದು ಆರಿದವಂತೆ. ಮೈಯರ್ಸ್ ಆಗಿನ ಒಂದು ಕಾಮಿಕ್ಸಿನಿಂದ ತಲೆಬುಡವಿಲ್ಲದ ಮಾತೊಂದನ್ನು ಎತ್ತಿಕೊಂಡು ಇವಕ್ಕೆ 'ಫೂ ಫೈಟರ್' ಅಂತ ಹೆಸರಿಟ್ಟರು. 1945ರ ಜನವರಿ ಹೊತ್ತಿಗೆ ಆ ಹೆಸರು ಅಮೆರಿಕದ ಪತ್ರಿಕೆಗಳಲ್ಲಿತ್ತು.

ನಮ್ಮ ದೇಶದಿಂದ ಹಾರಿದವರಿಗೂ ಇದರ ಅನುಭವ ಆಗಿದೆ. ಬಂಗಾಳದ ಖರಗ್‌ಪುರದಲ್ಲಿ ಆಗ ಅಮೆರಿಕದ ಬಿ-29 ಬಾಂಬರ್‌ಗಳ ನೆಲೆ ಇತ್ತು. 1944ರ ಆಗಸ್ಟ್‌ನಲ್ಲಿ ಅಲ್ಲಿನ ವಿಮಾನಗಳು ಸಿಲೋನಿನಲ್ಲಿ ಇಂಧನ ತುಂಬಿಕೊಂಡು ಸುಮಾತ್ರಾದ ಪಾಲೆಂಬಾಂಗ್ ಮೇಲೆ ದಾಳಿಗೆ ಹೋದವು. ಅದರಲ್ಲಿದ್ದ ಕ್ಯಾಪ್ಟನ್ ಆಲ್ವಾ ರೀಡಾ ಹೇಳಿದ ಪ್ರಕಾರ, ಬಲ ರೆಕ್ಕೆಯಿಂದ ಸುಮಾರು 500 ಗಜ ದೂರದಲ್ಲಿ ಕೆಂಪು-ಕಿತ್ತಳೆ ಬಣ್ಣದ ಗೋಳವೊಂದು ಜೊತೆಗೇ ಬರುತ್ತಿತ್ತು. ಅವರು ವಿಮಾನವನ್ನು ಅತ್ತಿತ್ತ ಹೊರಳಿಸಿದರೂ ಬಿಡಲಿಲ್ಲ. ಎಂಟು ನಿಮಿಷದ ಮೇಲೆ ತಟ್ಟನೆ ತಿರುಗಿ ಮೋಡ ಹೊಕ್ಕಿತು.

ಏನಿರಬಹುದು? ಜರ್ಮನರ ಹೊಸ ಆಯುಧ ಅಂತಲೇ ಆಗ ಜಾಸ್ತಿ ಜನ ನಂಬಿದ್ದರು. ಯುದ್ಧ ಮುಗಿದ ಮೇಲೆ ಅಂಥದ್ದೇನೂ ಸಿಗಲಿಲ್ಲ. ಗುಡುಗು ಮೋಡಗಳ ನಡುವೆ ರೆಕ್ಕೆಯ ತುದಿಯಲ್ಲಿ, ಪ್ರೊಪೆಲ್ಲರ್ ಮೇಲೆ ಹೊತ್ತಿಕೊಳ್ಳುವ ಸೇಂಟ್ ಎಲ್ಮೋ ಬೆಂಕಿ ಅಂದವರಿದ್ದಾರೆ. ಆದರೆ ಅದು ಸಾಮಾನ್ಯವಾಗಿ ನೀಲಿ-ನೇರಳೆ ಬಣ್ಣದ್ದು. ವಿಮಾನಕ್ಕೇ ಅಂಟಿಕೊಂಡಿರುತ್ತದೆ, ದೂರ ನಿಂತು ಜೊತೆಗೆ ಹಾರುವುದಿಲ್ಲ. ನನಗೆ ಈ ವಾದ ಅಷ್ಟು ಒಪ್ಪುವುದಿಲ್ಲ.

ಕಣ್ಣಿಗೆ ಆಗುವ ಮೋಸದ ಮಾತು ಬೇರೆ. ಮನೆಯಲ್ಲೇ ನೋಡಬಹುದು. ಒಂದು ಚೂರೂ ಬೆಳಕು ಬಾರದ ಕೋಣೆಯಲ್ಲಿ ಒಂದೇ ಒಂದು ಅಗರಬತ್ತಿ ಹಚ್ಚಿಟ್ಟು, ದೂರ ಕೂತು ಅದರ ಕೆಂಡವನ್ನೇ ದಿಟ್ಟಿಸಿ. ಸ್ವಲ್ಪ ಹೊತ್ತಿನಲ್ಲಿ ಆ ಚುಕ್ಕೆ ಅಲ್ಲಾಡಲು ಶುರು. ಎಡಕ್ಕೆ ಸರಿಯುತ್ತದೆ, ಮೇಲೇರುತ್ತದೆ. ಕೆಂಡ ಇದ್ದಲ್ಲೇ ಇದೆ. ಪಕ್ಕದಲ್ಲಿ ಆಧಾರಕ್ಕೆ ಇನ್ನೇನೂ ಕಾಣದಿದ್ದಾಗ, ಯಾವುದು ನಿಂತಿದೆ ಯಾವುದು ಓಡುತ್ತಿದೆ ಅನ್ನುವುದು ಕಣ್ಣಿಗೆ ಗೊತ್ತಾಗುವುದಿಲ್ಲ. ರಾತ್ರಿ ಹಾರುವ ಪೈಲಟ್‌ಗಳು ನಕ್ಷತ್ರವನ್ನು, ನೆಲದ ದೀಪವನ್ನು ಬೇರೆ ವಿಮಾನ ಅಂದುಕೊಳ್ಳುವುದು ಇದರಿಂದಲೇ. ರೀಡಾ ಕಂಡ ಒಂಟಿ ಗೋಳಕ್ಕೆ ಈ ವಿವರಣೆ ಸ್ವಲ್ಪ ಮಟ್ಟಿಗೆ ಒಗ್ಗಬಹುದು. ಮೂವರು ಒಟ್ಟಿಗೆ ಕಂಡ ಎಂಟು-ಹತ್ತು ಉಂಡೆಗಳಿಗೆ? ಕಷ್ಟ. 1953ರಲ್ಲಿ ಭೌತವಿಜ್ಞಾನಿ ರಾಬರ್ಟ್‌ಸನ್ ನೇತೃತ್ವದ ಅಮೆರಿಕ ಸರ್ಕಾರದ ಸಮಿತಿ ಸ್ಥಿರವಿದ್ಯುತ್ತು, ಗಾಳಿಯಲ್ಲಿನ ಹಿಮದ ಹರಳುಗಳ ಪ್ರತಿಫಲನ ಇವನ್ನೆಲ್ಲ ಹೆಸರಿಸಿತು. ಆದರೆ ನಿಜವಾದ ಕಾರಣ ಗೊತ್ತಾಗಲೇ ಇಲ್ಲ ಅಂತಲೂ ಬರೆಯಿತು.

ಇದೇ ಯುದ್ಧದ ಇನ್ನೊಂದು ಬೆಳಕಿನ ಕಥೆ ಇದೆ. ನನ್ನನ್ನು ಜಾಸ್ತಿ ಕಾಡುವುದು ಅದು. ಜರ್ಮನಿಯ ಮೇಲೆ ಬಾಂಬ್ ಹಾಕಲು ಹೋಗುತ್ತಿದ್ದ ಬ್ರಿಟಿಷ್ ವಿಮಾನದವರಿಗೆ, ಪಕ್ಕದ ಆಕಾಶದಲ್ಲಿ ಇದ್ದಕ್ಕಿದ್ದಂತೆ ದೊಡ್ಡ ಸ್ಫೋಟ ಕಾಣುತ್ತಿತ್ತು. ಬೆಂಕಿ, ಕಪ್ಪು ಹೊಗೆ, ಉರಿಯುತ್ತಾ ಬೀಳುವ ಚೂರುಗಳು. ಅದಕ್ಕೆ ಮುಂಚೆ ಗುಂಡು ಹಾರಿದ ಗುರುತೇ ಇಲ್ಲ. ನಮ್ಮನ್ನು ಹೆದರಿಸೋಕೆ ಜರ್ಮನರು ಹಾರಿಸುವ ಸುಳ್ಳು ಪಟಾಕಿ ಇದು ಅಂದುಕೊಂಡರು. ಬೆರ್ಚಪ್ಪ ಅಂತ ಹೆಸರೂ ಬಿತ್ತು, ಇಂಗ್ಲಿಷಿನಲ್ಲಿ ಸ್ಕೇರ್‌ಕ್ರೋ.

ಅಂಥ ಪಟಾಕಿ ಜರ್ಮನರ ಹತ್ತಿರ ಇರಲೇ ಇಲ್ಲ. ಸಿಡಿಯುತ್ತಿದ್ದದ್ದು ಆ ಬ್ರಿಟಿಷರದೇ ಜೊತೆಗಾರರ ವಿಮಾನಗಳು. 1943ರಿಂದ ಜರ್ಮನರು ತಮ್ಮ ರಾತ್ರಿ ಫೈಟರ್‌ಗಳಲ್ಲಿ ಮೇಲ್ಮುಖವಾಗಿ ಹೊಡೆಯುವ ತೋಪುಗಳನ್ನು ಕೂರಿಸಿದ್ದರು. ಬ್ರಿಟಿಷರ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ ಹೆಚ್ಚಿನವಕ್ಕೆ ಹೊಟ್ಟೆಯ ಕೆಳಗೆ ಬಂದೂಕೂ ಇಲ್ಲ, ಅಲ್ಲಿಂದ ನೋಡುವವರೂ ಇಲ್ಲ. ಫೈಟರ್ ಸದ್ದಿಲ್ಲದೆ ಆ ಜಾಗಕ್ಕೆ ಬಂದು, ರೆಕ್ಕೆಯೊಳಗಿನ ಇಂಧನ ಟ್ಯಾಂಕಿಗೆ ಗುರಿಯಿಡುತ್ತಿತ್ತು. ಸುಳಿವು ಸಿಗಬಾರದು ಅಂತ ಬೆಳಕಿನ ಗೆರೆ ಬಿಡುವ ಗುಂಡುಗಳನ್ನು ಅವರು ಬಳಸುತ್ತಿರಲಿಲ್ಲ. ಹೀಗಾಗಿ ಪಕ್ಕದ ವಿಮಾನದವರು ಅದನ್ನು ಬೆರ್ಚಪ್ಪ ಅಂದುಕೊಂಡೇ ಮುಂದೆ ಹೋಗುತ್ತಿದ್ದರು, ಎಷ್ಟೋ ಸಲ ಮುಂದಿನ ಸರದಿ ತಮ್ಮದೇ ಆಗಿದ್ದಾಗಲೂ.

ನಮಸ್ಕಾರ.