ಊಹೆ ಬಿಡಿ, ಮೀಟರ್ ಹಿಡಿಯಿರಿ

ಕೇಳುಗರಿಗೆ ನಮಸ್ಕಾರ. ವಾಹನ ಉದ್ಯಮದಲ್ಲಿ ಅಪ್ರೆಂಟಿಸ್ ಆಗಿ ಸೇರಬೇಕೆಂದಿರುವ ಹುಡುಗ ಹುಡುಗಿಯರು, ಅವರ ಪಕ್ಕದಲ್ಲೇ ಕುಳಿತು ‘ಎಣ್ಣೆ, ಗ್ರೀಸಿನ ಕೆಲಸ ನಿನಗೇಕೆ?’ ಎನ್ನುತ್ತಿರುವ ತಂದೆತಾಯಂದಿರು, ಎಲ್ಲರೂ ಕೇಳುತ್ತಿದ್ದೀರಿ ಎಂದುಕೊಂಡೇ ಮಾತನಾಡುತ್ತೇನೆ. ನನ್ನ ಬಳಿ ಸಲಹೆಗೆ ಬರುವವರ ಮೊದಲ ಪ್ರಶ್ನೆ, ಯಾವ ಕಂಪನಿಗೆ ಸೇರಲಿ? ಎರಡನೆಯದು, ತಿಂಗಳಿಗೆ ಎಷ್ಟು ಕೊಡುತ್ತಾರೆ? ಅಲ್ಲಿ ಕಲಿಸುವವರು ಯಾರು ಎಂದು ಕೇಳುವವರು ಬಹಳ ಅಪರೂಪ. ಕೇಳಬೇಕಾದದ್ದು ಅದನ್ನೇ! ಊಹಿಸುವ ಚಟ ಬಿಡಿಸಿ ಅಳೆಯುವುದನ್ನು ಕಲಿಸುವ ಒಬ್ಬ ಹಿರಿಯರು ಇರುವ ಕಡೆ ಸೇರಿ. ಬೋರ್ಡಿನ ಮೇಲಿನ ಹೆಸರು ಚಿಕ್ಕದಿದ್ದರೂ ಚಿಂತೆಯಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ನಾನು ಕಲಿಸುವ ವರ್ಕ್‌ಶಾಪಿಗೆ ಒಂದು ಕಾರು ಬಂತು. ಕೀಲಿ ತಿರುಗಿಸಿದರೆ ಎಂಜಿನ್ ಮುಲುಗುತ್ತಾ ಒಂದೆರಡು ಸುತ್ತು ಹೊರಳಿ ನಿಂತುಬಿಡುತ್ತಿತ್ತು. ಮಾಲೀಕರು ಆಗಲೇ ಬೇರೆಲ್ಲೋ ಹೊಸ ಬ್ಯಾಟರಿ ಹಾಕಿಸಿ ಬಂದಿದ್ದರು. ಗುಣ ಕಂಡಿರಲಿಲ್ಲ. ನಮ್ಮಲ್ಲಿ ಎರಡನೆಯ ವರ್ಷದ ಅಪ್ರೆಂಟಿಸ್ ಒಬ್ಬನಿದ್ದ, ಕೈ ಬಹಳ ಚುರುಕು. ‘ಸರ್, ಬ್ಯಾಟರಿ ಹೊಸದು ಎಂದಮೇಲೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರೇ ಕೆಟ್ಟಿರಬೇಕು, ಬಿಚ್ಚಲೇ?’ ಎಂದ. ಸ್ಪ್ಯಾನರ್ ಆಗಲೇ ಕೈಯಲ್ಲಿತ್ತು.

ಅವನ ಜೊತೆಗಿದ್ದ ಹುಡುಗಿ ಸೇರಿ ಕೆಲವೇ ತಿಂಗಳಾಗಿತ್ತು. ಅವಳು ಮಾತನಾಡದೆ ಹೋಗಿ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತಂದಳು. ಬ್ಯಾಟರಿಗೆ ಹಿಡಿದಳು, 12.6 ವೋಲ್ಟ್. ಪೂರ್ತಿ ಚಾರ್ಜ್ ಆಗಿದೆ. ಎಂಜಿನ್ ತಿರುಗಿಸುವಾಗ ನೋಡಿದಳು, 11 ವೋಲ್ಟಿಗಿಂತ ಕೆಳಗೆ ಇಳಿಯಲೇ ಇಲ್ಲ. ಇಲ್ಲಿ ಸ್ವಲ್ಪ ಗಮನ ಕೊಡಿ. ಸ್ಟಾರ್ಟರ್ ಮೋಟಾರಿಗೆ ಒಮ್ಮೆಲೇ ನೂರಕ್ಕೂ ಹೆಚ್ಚು ಆಂಪಿಯರ್ ಬೇಕು. ಬ್ಯಾಟರಿ ಚೆನ್ನಾಗಿದ್ದೂ ಎಂಜಿನ್ ಮುಲುಗುತ್ತಿದೆ ಎಂದರೆ ಕರೆಂಟಿಗೆ ನಡುದಾರಿಯಲ್ಲಿ ಅಡ್ಡಿ ಇರಬಹುದು. ಅವಳು ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದು, ಅವನಿಗೆ ಕೀಲಿ ತಿರುಗಿಸಲು ಹೇಳಿದಳು. ಅಲ್ಲಿ ಸೊನ್ನೆಯ ಆಸುಪಾಸಿನಲ್ಲಿ, ಹೆಚ್ಚೆಂದರೆ 0.3 ವೋಲ್ಟ್ ಇರಬೇಕು. ಮೀಟರ್ ತೋರಿಸಿದ್ದು ಸುಮಾರು 2. ಅಂದರೆ ಅಡ್ಡಿ ಇರುವುದು ಕರೆಂಟ್ ಬ್ಯಾಟರಿಗೆ ಮರಳುವ ಈ ದಾರಿಯಲ್ಲೇ.

ಎಂಜಿನ್ನಿನಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ಥ್ ಕೇಬಲ್ ಮೇಲುನೋಟಕ್ಕೆ ಗಟ್ಟಿಯಾಗಿಯೇ ಇತ್ತು. ಬೋಲ್ಟ್ ಬಿಚ್ಚಿದಾಗ ಅದರಡಿಯಿಂದ ತುಕ್ಕಿನ ಕೆಂಪು ಪುಡಿ ಉದುರಿತು. ತಂತಿ ಬ್ರಷ್ಷಿನಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಬೋಲ್ಟನ್ನು ಮತ್ತೆ ಬಿಗಿದರು. ಕೀಲಿ ತಿರುಗಿಸಿದ ತಕ್ಷಣ ಎಂಜಿನ್ ಸ್ಟಾರ್ಟ್ ಆಯಿತು. ಬದಲಿಸಿದ ಬಿಡಿಭಾಗ ಒಂದೂ ಇಲ್ಲ. ಸ್ಟಾರ್ಟರ್ ಬಿಚ್ಚುವುದು ಆ ಹುಡುಗನಿಗೆ ಅವಳಿಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವುದು ಬೇರೆಯೇ ವಿದ್ಯೆ. ಅಪ್ರೆಂಟಿಸ್ ಆಗಿ ಸೇರುವುದು ಆ ವಿದ್ಯೆಗಾಗಿ.

ಸ್ಟುಡಿಯೋ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ.

ಕಾರಿಗೆ ಜೋಡಿಸಿದರೆ ದೋಷದ ಕೋಡ್ ತೋರಿಸುವ ಸ್ಕ್ಯಾನರ್ ಎಲ್ಲವನ್ನೂ ಹೇಳುತ್ತದಲ್ಲ ಎಂದು ದಯವಿಟ್ಟು ಕೇಳಬೇಡಿ, ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಪಿ0301 ಎಂಬ ಕೋಡ್ ಬಂದರೆ ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಅಷ್ಟೇ. ಕೆಟ್ಟದ್ದು ಸ್ಪಾರ್ಕ್ ಪ್ಲಗ್ಗೋ, ಅದಕ್ಕೆ ವಿದ್ಯುತ್ ಕೊಡುವ ಕಾಯಿಲೋ, ಇಂಧನ ಚಿಮ್ಮಿಸುವ ಇಂಜೆಕ್ಟರೋ ಎಂಬುದನ್ನು ನೀವೇ ಅಳೆದು ತಿಳಿಯಬೇಕು. ಚಕ್ರದ ನಟ್ಟುಗಳೂ ಹಾಗೆಯೇ. ಕೈಯಂದಾಜು ಸಾಲದು. ಒಂದು ಬಿಗಿದ ಮೇಲೆ ಅದರ ಎದುರಿನದು, ಹೀಗೆ ಸರದಿಯಲ್ಲಿ ಹೋಗಿ, ಕೊನೆಗೆ ತಯಾರಕರು ಹೇಳಿದ ಅಳತೆಗೆ, ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ವ್ರೆಂಚ್ ಹಿಡಿಯಬೇಕು. ಇನ್ನು ವಿದ್ಯುತ್ ವಾಹನಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ದೂರ ನಿಲ್ಲಿ. ಅದರೊಳಗೆ 400 ವೋಲ್ಟ್, ಕೆಲವು ವಾಹನಗಳಲ್ಲಿ 800 ವೋಲ್ಟ್ ಇರುತ್ತದೆ. ತರಬೇತಿ ಪಡೆದವರೂ ಬ್ಯಾಟರಿಯ ಸಂಪರ್ಕ ಕಡಿದು, ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗುವವರೆಗೆ ಕಾದು, ವೋಲ್ಟೇಜ್ ಇಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಂಡೇ ಕೈ ಹಾಕುತ್ತಾರೆ. ಅಲ್ಲಿ ಊಹೆಗೆ ತೆರಬೇಕಾದ ಬೆಲೆ ಪ್ರಾಣ.

ಸೇರಿದ ಹೊಸತರಲ್ಲಿ ಕೈಗೆ ಪೊರಕೆ ಕೊಟ್ಟರೆಂದು ಓಡಿಹೋಗಬೇಡಿ. ಹೋಂಡಾ ಕಂಪನಿ ಕಟ್ಟಿದ ಸೋಯಿಚಿರೋ ಹೋಂಡಾ 1922ರಲ್ಲಿ ಟೋಕಿಯೋದ ಒಂದು ರಿಪೇರಿ ಅಂಗಡಿಗೆ ಸೇರಿದಾಗ ಮೊದಲು ಸಿಕ್ಕಿದ ಕೆಲಸ ಮಾಲೀಕರ ಮಗುವನ್ನು ಆಡಿಸುವುದು. ಆದರೆ ವರ್ಷ ಕಳೆದರೂ ಪೊರಕೆಯೇ ಗತಿ ಎಂದಾದರೆ ಅದು ತರಬೇತಿಯಲ್ಲ, ಅಗ್ಗದ ಕೂಲಿ. ಒಪ್ಪಂದವನ್ನು ಬರಹದಲ್ಲಿ ಪಡೆಯಿರಿ, ಕೊನೆಗೆ ಸಿಗುವ ಪ್ರಮಾಣಪತ್ರಕ್ಕೆ ಎಲ್ಲಿ ಮಾನ್ಯತೆಯಿದೆ ಎಂದು ವಿಚಾರಿಸಿ.

ಸಂದರ್ಶನದ ಕೊನೆಯಲ್ಲಿ ‘ನೀವೇನಾದರೂ ಕೇಳುವುದಿದೆಯೇ?’ ಎನ್ನುತ್ತಾರೆ. ಆಗ ರಜೆಯ ಬಗ್ಗೆ ಕೇಳಬೇಡಿ. ‘ಮಲ್ಟಿಮೀಟರನ್ನು ಅಪ್ರೆಂಟಿಸ್ ಕೈಗೆ ಯಾವಾಗ ಕೊಡುತ್ತೀರಿ, ಯಾರು ಕಲಿಸುತ್ತಾರೆ?’ ಎಂದು ಕೇಳಿ. ಈ ಪ್ರಶ್ನೆಗೆ ಅವರು ನಕ್ಕರೆ ಬೇರೆ ಕಡೆ ಅರ್ಜಿ ಹಾಕಿ. ನಮಸ್ಕಾರ.