ಹಿಂದಿನವನ ಮುಖ: ರೋಮನ್ ನಾಣ್ಯಗಳಲ್ಲಿ ಅರಸರ ಚಹರೆ

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡಬೇಕಿರುವುದು ತೀರ ಸಣ್ಣ ವಸ್ತುವಿನ ಬಗ್ಗೆ. ರೋಮನ್ನರ ಬೆಳ್ಳಿ ನಾಣ್ಯ ದಿನಾರಿಯಸ್‌ನ ಅಗಲ ಹೆಚ್ಚೂಕಡಿಮೆ 18 ಮಿಲಿಮೀಟರ್, ತೂಕ ನಾಲ್ಕು ಗ್ರಾಂಗಿಂತ ತುಸು ಕಡಿಮೆ. ಅಷ್ಟರಲ್ಲೇ ಒಂದು ಮುಖ, ಸುತ್ತ ಒಂದಿಷ್ಟು ಅಕ್ಷರ. ಈ ಮುಖಗಳನ್ನು ನೋಡಿದವರೆಲ್ಲ ಮೊದಲು ಕೇಳುವುದು, "ಅವನು ನಿಜವಾಗಿಯೂ ಹೀಗೇ ಇದ್ದನಾ?" ಎಂದು. ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು ಬೇರೆಯದೇ ಪ್ರಶ್ನೆ: ಈ ಮುಖ ಹಿಂದಿನ ಅರಸನನ್ನು ಹೋಲುತ್ತದೆಯೇ, ಇಲ್ಲವೇ? ಹೋಲಿದರೆ ಯಾಕೆ, ಹೋಲದಿದ್ದರೆ ಯಾಕೆ? ಇದೊಂದನ್ನು ಕೈಯಲ್ಲಿ ಹಿಡಿದುಕೊಂಡು ಏಳು ಶತಮಾನ ದಾಟೋಣ.

ಮೊದಲಿಗೆ, ಬದುಕಿರುವವನ ಮುಖ ನಾಣ್ಯದ ಮೇಲೆ ಬರುವುದೇ ರೋಮಿನಲ್ಲಿ ನಿಷಿದ್ಧದಂತಿತ್ತು. ಗಣರಾಜ್ಯದ ಕಾಲದಲ್ಲಿ ಟಂಕಸಾಲೆ ನೋಡಿಕೊಳ್ಳಲು ವರ್ಷಕ್ಕೆ ಮೂವರು ಕಿರಿಯ ಅಧಿಕಾರಿಗಳು ನೇಮಕವಾಗುತ್ತಿದ್ದರು. ಶಿರಸ್ತ್ರಾಣ ತೊಟ್ಟ ರೋಮಾ ದೇವಿಯ ತಲೆ ಮಾಮೂಲಿ. ನಂತರ ನಂತರ ಆ ಅಧಿಕಾರಿಗಳು ತಮ್ಮ ವಂಶದ ಹಿರಿಯರನ್ನೂ ಹಾಕಿಸತೊಡಗಿದರು, ಆದರೆ ತೀರಿಕೊಂಡವರನ್ನು ಮಾತ್ರ. ಬದುಕಿರುವವನ ಮುಖ ಹಾಕುವುದು ಗ್ರೀಕ್ ರಾಜರ ಚಾಳಿ. ಕ್ರಿ.ಪೂ. 196ರ ಸುಮಾರಿಗೆ ಫ್ಲಾಮಿನಿನಸ್ ಎಂಬ ರೋಮನ್ ಸೇನಾನಿಯ ಮುಖವಿರುವ ಚಿನ್ನದ ನಾಣ್ಯ ಹೊರಟಿತ್ತು, ಅದೂ ಗ್ರೀಸ್‌ನಲ್ಲಿ.

ಕ್ರಿ.ಪೂ. 44ರ ಆರಂಭದಲ್ಲಿ ಆ ಗೆರೆಯನ್ನು ದಾಟಿದವನು ಜೂಲಿಯಸ್ ಸೀಸರ್. ಪರದೆಯ ಮೇಲಿನ ನಾಣ್ಯವನ್ನು ನೋಡಿ. ಬತ್ತಿದ ಕೆನ್ನೆ, ಉದ್ದನೆಯ ಸುಕ್ಕುಗಟ್ಟಿದ ಕೊರಳು, ಎದ್ದು ಕಾಣುವ ಗಂಟಲಮಣಿ. ತಲೆಯ ಮೇಲೆ ದಪ್ಪನೆಯ ಎಲೆಮಾಲೆ. ಬೋಳುತಲೆ ಮುಚ್ಚಲು ಆ ಮಾಲೆ ಅವನಿಗೆ ಬಲು ಇಷ್ಟವಾಗಿತ್ತು ಎಂದು ಚರಿತ್ರೆಕಾರ ಸ್ಯೂಟೋನಿಯಸ್ ಬರೆದಿದ್ದಾನೆ. ಸುತ್ತಲಿನ ಅಕ್ಷರಗಳು ಹೇಳುವುದು "ಸೀಸರ್, ಆಜೀವ ಸರ್ವಾಧಿಕಾರಿ" ಎಂದು. ನಾಣ್ಯ ಹೊರಬಂದು ಕೆಲವೇ ವಾರಗಳಲ್ಲಿ, ಮಾರ್ಚ್ 15ರಂದು, ಅವನ ಕೊಲೆಯಾಯಿತು. ಕೊಲೆಗೆ ನಾಣ್ಯವೇ ಕಾರಣ ಎಂದರೆ ಅತಿಯಾದೀತು. ಆದರೆ ಅರಸನಾಗಲು ಹೊರಟಿದ್ದಾನೆ ಎಂಬ ಗುಮಾನಿ ಇದ್ದವರಿಗೆ ಸಾಕ್ಷಿ ಸೊಂಟದ ಚೀಲದಲ್ಲೇ ಇತ್ತು.

ವಿಚಿತ್ರ ಇರುವುದು ಮುಂದೆ. ಎರಡೇ ವರ್ಷದಲ್ಲಿ, ಕ್ರಿ.ಪೂ. 42ರಲ್ಲಿ, ಕೊಂದವರ ಮುಂದಾಳು ಬ್ರೂಟಸ್ ತನ್ನ ಸೈನಿಕರಿಗೆ ಸಂಬಳ ಕೊಡಲು ನಾಣ್ಯ ಹೊಡೆಸಿದ. ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಬಿಡುಗಡೆಯಾದ ಗುಲಾಮ ತೊಡುವ ಟೋಪಿ, ಕೆಳಗೆ ಮಾರ್ಚ್ 15 ಎಂದು ಸೂಚಿಸುವ ಅಕ್ಷರ. ಸ್ವಾತಂತ್ರ್ಯ ತಂದೆವು ಎಂಬ ಘೋಷಣೆ ಅದು. ನಾಣ್ಯ ತಿರುಗಿಸಿದರೆ ಮುಂಬದಿಯಲ್ಲಿ ಯಾರು? ಸ್ವತಃ ಬ್ರೂಟಸ್. ಸೀಸರನ ಪ್ರಾಣ ತೆಗೆದವನಿಗೂ ಸೀಸರನ ಈ ಪದ್ಧತಿಯನ್ನು ಬಿಡಲಾಗಲಿಲ್ಲ!

ಸೀಸರನ ವಾರಸುದಾರ ಆಕ್ಟೇವಿಯನ್‌ನ ಮೊದಮೊದಲ ನಾಣ್ಯಗಳಲ್ಲಿ ಚಿಗುರುಗಡ್ಡ ಕಾಣುತ್ತದೆ. ಮುಖ ಬೋಳಿಸುವುದು ವಾಡಿಕೆಯಾಗಿದ್ದ ರೋಮನ್ನರಲ್ಲಿ ಅದು ಸೂತಕದ ಗುರುತು, "ದತ್ತುತಂದೆಯ ಸಾವಿಗೆ ಇನ್ನೂ ಲೆಕ್ಕ ತೀರಿಸಿಲ್ಲ" ಎಂಬ ಸೂಚನೆ. ಲೆಕ್ಕ ತೀರಿತು, ಗಡ್ಡ ಹೋಯಿತು, ಕ್ರಿ.ಪೂ. 27ರಲ್ಲಿ ಅವನು ಆಗಸ್ಟಸ್ ಎಂಬ ಬಿರುದು ಪಡೆದು ಮೊದಲ ಚಕ್ರವರ್ತಿಯಾದ. ಅಲ್ಲಿಂದ ಮುಂದೆ ಅವನಿಗೆ ವಯಸ್ಸೇ ಆಗಲಿಲ್ಲ. ತೀರಿಕೊಂಡಾಗ, ಕ್ರಿ.ಶ. 14ರಲ್ಲಿ, ಅವನಿಗೆ ಎಪ್ಪತ್ತೈದು ದಾಟಿತ್ತು. ನಾಣ್ಯದಲ್ಲಿ ಮಾತ್ರ ನಯವಾದ ಕೆನ್ನೆಯ ಯುವಕ, ಗ್ರೀಕ್ ದೇವರ ವಿಗ್ರಹದ ಹಾಗೆ. ಸೀಸರನ ಸುಕ್ಕುಗಳನ್ನು ಬೇಕೆಂದೇ ಬಿಟ್ಟಿದ್ದಾರೆ. ನಂತರ ಬಂದ ಟೈಬೀರಿಯಸ್ ಪಟ್ಟವೇರಿದ್ದು ಐವತ್ತೈದರ ಹತ್ತಿರ. ಅವನ ನಾಣ್ಯಗಳೂ ಆಗಸ್ಟಸ್‌ನ ಎರಕದಲ್ಲೇ ಬಂದವು.

ಈ ಇಬ್ಬರೂ ನಮ್ಮ ನೆಲಕ್ಕೂ ಬಂದವರು. 1891ರಲ್ಲಿ ಯಶವಂತಪುರದ ಬಳಿ ರೈಲ್ವೆ ಕೆಲಸದ ವೇಳೆ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯಲ್ಲಿ ಇವರಿದ್ದಾರೆ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ದಿನಾರಿಯಸ್ ಸಿಕ್ಕಿದೆ. ದಕ್ಷಿಣ ಭಾರತದಲ್ಲಿ ಸಿಗುವ ರೋಮನ್ ಬೆಳ್ಳಿಯಲ್ಲಿ ಎರಡು ಬಗೆ ಮತ್ತೆ ಮತ್ತೆ ಕಾಣುತ್ತವೆ: ಆಗಸ್ಟಸ್‌ನ ಇಬ್ಬರು ಮೊಮ್ಮಕ್ಕಳು ಗುರಾಣಿ ಹಿಡಿದು ನಿಂತ ನಾಣ್ಯ, ಮುಂಬದಿಯಲ್ಲಿ ಟೈಬೀರಿಯಸ್, ಹಿಂಬದಿಯಲ್ಲಿ ಆಸನದಲ್ಲಿ ಕೂತ ಹೆಂಗಸಿರುವ ನಾಣ್ಯ. ಇಲ್ಲಿನ ವರ್ತಕರಿಗೆ ಆ ಮುಖ ಯಾರದ್ದಾದರೇನು, ಪರಿಚಯದ ಮುಖ, ನೆಚ್ಚಬಹುದಾದ ಬೆಳ್ಳಿ. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ದಿನಾರಿಯಸ್‌ನ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಇಳಿಸಿದ. ಆಮೇಲಿನ ಬೆಳ್ಳಿ ನಾಣ್ಯಗಳು ಭಾರತದ ನಿಧಿಗಳಲ್ಲಿ ಅಪರೂಪ. ಇಲ್ಲಿ ಸಿಕ್ಕ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಅರಸನ ತಲೆಯ ಮೇಲೆ ಅಡ್ಡಲಾಗಿ ಉಳಿಯೇಟು ಬಿದ್ದಿದೆ. ಒಳಗಿನ ಲೋಹ ಪರೀಕ್ಷಿಸಲೋ, ಚಲಾವಣೆ ರದ್ದು ಮಾಡಲೋ, ವಿದ್ವಾಂಸರಲ್ಲಿ ಇನ್ನೂ ಚರ್ಚೆ ಇದೆ.

ನೀರೋ ಹೆಸರು ಬಂತಲ್ಲ, ಅವನ ಮೂರು ನಾಣ್ಯಗಳನ್ನು ಒಟ್ಟಿಗೆ ನೋಡಲೇಬೇಕು. ಕ್ರಿ.ಶ. 54, ಪಟ್ಟವೇರಿದ ವರ್ಷ. ಹದಿನಾರರ ಹುಡುಗ ಮತ್ತು ತಾಯಿ ಅಗ್ರಿಪ್ಪಿನಾ ಎದುರುಬದುರು, ಮೂಗಿಗೆ ಮೂಗು ತಾಗುವಂತೆ. ಈ ಮುಂಬದಿಯ ಅಕ್ಷರಗಳನ್ನು ಓದಿ: ಅಲ್ಲಿರುವುದು ತಾಯಿಯ ಬಿರುದುಗಳು. ಮಗನ ಬಿರುದು ಹಿಂಬದಿಗೆ ಹೋಗಿದೆ. ಮರುವರ್ಷದ ನಾಣ್ಯದಲ್ಲಿ ಇಬ್ಬರೂ ಒಂದೇ ಕಡೆ ಮುಖ ಮಾಡಿದ್ದಾರೆ, ಮಗ ಮುಂದೆ, ತಾಯಿ ಅವನ ಹಿಂದೆ ಅರ್ಧ ಮರೆಯಾಗಿ. ಬಿರುದುಗಳೂ ಅದಲುಬದಲು. ಮೂರನೆಯದರಲ್ಲಿ ತಾಯಿಯೇ ಇಲ್ಲ. ಕ್ರಿ.ಶ. 59ರಲ್ಲಿ ಅವಳನ್ನು ಕೊಲ್ಲಿಸಿದ. ಮುಂದಿನ ವರ್ಷಗಳಲ್ಲಿ ಅವನ ಕೊರಳು ದಪ್ಪವಾಗುತ್ತ, ಹಣೆಯ ಮೇಲಿನ ಕೂದಲು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತ ಹೋಗುತ್ತದೆ. ಅರಸ ತನ್ನ ಬೊಜ್ಜನ್ನು ಮುಚ್ಚಿಡಲಿಲ್ಲ. ಸಮೃದ್ಧಿಯ ಗುರುತು ಎಂದೇ ತೋರಿಸಿಕೊಂಡಿರಬೇಕು.

ಅವನ ನಂತರ, 69ರ ಅಂತರ್ಯುದ್ಧ ಮುಗಿಸಿ ಗೆದ್ದ ವೆಸ್ಪಾಸಿಯನ್ ನೀರೋನಂತೆ ಕಾಣಲು ಹೇಗೆ ತಾನೆ ಒಪ್ಪಿಯಾನು? ಬೋಳುತಲೆ, ಗಂಟುಹಾಕಿದ ಹುಬ್ಬು, ಮುಂದೆ ಚಾಚಿದ ಗದ್ದ. ಮುದಿ ಸೈನಿಕನ ಮುಖ. ಹೋಲದಿರುವುದೇ ಇಲ್ಲಿ ರಾಜಕೀಯ.

ಹೋಲುವುದು ಕೂಡ ರಾಜಕೀಯವೇ. ಕ್ರಿ.ಶ. 98ರಲ್ಲಿ ಟ್ರಾಜನ್ ಪಟ್ಟಕ್ಕೆ ಬಂದಾಗ ಹೊರಟ ಮೊದಲ ನಾಣ್ಯಗಳಲ್ಲಿ ಅವನ ಮುಖ ದತ್ತುತಂದೆ ನೆರ್ವಾನದ್ದರಂತೆಯೇ ಇದೆ. ಟ್ರಾಜನ್ ಆಗ ರೈನ್ ನದಿಯ ಗಡಿಯಲ್ಲಿದ್ದ. ಟಂಕಸಾಲೆಯವರ ಹತ್ತಿರ ಮಾದರಿ ಇರಲಿಲ್ಲ ಎನ್ನಬಹುದು. ಆದರೆ ವಾರಸುದಾರ ಹಿಂದಿನವನ ಹಾಗೆ ಕಂಡರೆ ಯಾರಿಗೂ ನಷ್ಟವಿರಲಿಲ್ಲ. ಹೇಡ್ರಿಯನ್ ಬಂದಾಗಲೂ ಹೀಗೇ: 117ರ ಮೊದಲ ನಾಣ್ಯಗಳಲ್ಲಿ ಟ್ರಾಜನ್‌ನ ನೆರಳು, ಸ್ವಲ್ಪ ಸಮಯದಲ್ಲೇ ಗಡ್ಡದ ಹೇಡ್ರಿಯನ್. ಗಡ್ಡ ಬಿಟ್ಟ ಮೊದಲ ಚಕ್ರವರ್ತಿ ಅವನು. ಗ್ರೀಕ್ ವಿದ್ಯೆಯ ಮೋಹ ಎನ್ನುವವರಿದ್ದಾರೆ, ಮುಖದ ಕಲೆ ಮುಚ್ಚಲು ಎಂದ ಹಳೆಯ ಗಾಸಿಪ್ಪೂ ಇದೆ. ಮುಂದಿನ ನೂರು ವರ್ಷ ಚಕ್ರವರ್ತಿ ಎಂದರೆ ಗಡ್ಡ.

ಹೀಗೆ ಹಿಂದಿನವನ ಮುಖ ಹೊತ್ತು ಬಂದದ್ದಕ್ಕೆ ಅತ್ಯಂತ ತಮಾಷೆಯ ಉದಾಹರಣೆ ಮ್ಯಾಕ್ಸಿಮಿನಸ್. 235ರಲ್ಲಿ ರೈನ್ ಗಡಿಯ ಸೈನಿಕರು ಯುವ ಅರಸ ಸೆವೆರಸ್ ಅಲೆಕ್ಸಾಂಡರ್‌ನನ್ನು ಕೊಂದು, ಸೈನ್ಯದಲ್ಲೇ ಮೇಲೆ ಬಂದ ಈ ದೈತ್ಯದೇಹಿಯನ್ನು ಕೂರಿಸಿದರು. ರೋಮಿನ ಅಚ್ಚು ಕೆತ್ತುವವರು ಅವನನ್ನು ನೋಡೇ ಇರಲಿಲ್ಲ. ಸತ್ತ ಹುಡುಗನ ಮುಖವನ್ನೇ ಕೊಂಚ ತಿದ್ದಿ ಹೊಸ ಹೆಸರು ಸುತ್ತಿದರು. ತಿಂಗಳುಗಳು ಕಳೆದಂತೆ ಸರಿಯಾದ ಚಿತ್ರ ಬಂದಿರಬೇಕು: ಗದ್ದ ಮುಂದಕ್ಕೆ ಚಾಚುತ್ತ ಚಾಚುತ್ತ ಕೊನೆಗೆ ಸಲಿಕೆಯಂತಾಯಿತು. ಆ ಮನುಷ್ಯ ಆಳಿದ ಮೂರು ವರ್ಷದಲ್ಲಿ ಒಮ್ಮೆಯೂ ರೋಮಿಗೆ ಕಾಲಿಡಲಿಲ್ಲ. ನಗರದವರಿಗೆ ಅವನು ಪರಿಚಯವಾದದ್ದೇ ಹೀಗೆ, ಕಂತು ಕಂತಾಗಿ.

ಮುಖ ಹಾಕುವುದಕ್ಕೆ ಇಷ್ಟು ಅರ್ಥವಿದ್ದರೆ, ತೆಗೆಯುವುದಕ್ಕೂ ಇರಲೇಬೇಕಲ್ಲ. ಚಕ್ರವರ್ತಿ ಕ್ಯಾರಕಲ್ಲ ತನ್ನ ತಮ್ಮ ಗೆಟಾನನ್ನು 211ರ ಕೊನೆಯಲ್ಲಿ ಕೊಲ್ಲಿಸಿ, ಅವನ ನೆನಪನ್ನೇ ಅಳಿಸಲು ಆಜ್ಞೆಯಾದಾಗ, ಏಷ್ಯಾ ಮೈನರ್‌ನ (ಇಂದಿನ ಟರ್ಕಿ) ಸ್ಟ್ರಾಟೊನಿಕೇಯಾದಂಥ ಊರುಗಳಲ್ಲಿ ಅಣ್ಣತಮ್ಮಂದಿರು ಎದುರುಬದುರಾಗಿದ್ದ ಕಂಚಿನ ನಾಣ್ಯಗಳು ಚಲಾವಣೆಯಲ್ಲಿದ್ದವು. ಅವನ್ನು ಕರಗಿಸಲಿಲ್ಲ. ಗೆಟಾನ ಮುಖವಿದ್ದ ಅರ್ಧವನ್ನಷ್ಟೇ ಕೆರೆದು ಮತ್ತೆ ಪೇಟೆಗೆ ಬಿಟ್ಟರು. ಕ್ಯಾರಕಲ್ಲ ಹುಬ್ಬುಗಂಟಿಕ್ಕಿ ನೋಡುತ್ತಿರುವುದು ಒಂದು ಒರಟು ಖಾಲಿ ಜಾಗವನ್ನು.

ಮೂರನೆಯ ಶತಮಾನದ ಮಧ್ಯಭಾಗವನ್ನು ಬೇಗ ದಾಟುತ್ತೇನೆ. ಮೋಟುಕೂದಲು, ಕುರುಚಲು ಗಡ್ಡ, ಆತಂಕದ ಕಣ್ಣು, ಒಬ್ಬರ ಹಿಂದೆ ಒಬ್ಬರಂತೆ ದಂಡನಾಯಕರು. ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದು ಭಾಗಕ್ಕಿಂತ ಕೆಳಗಿಳಿಯಿತು. ನಾಣ್ಯ ಸಿಗದಿದ್ದರೆ ನಂಬಲಾಗದಂಥ ಅರಸರೂ ಈ ಗದ್ದಲದಲ್ಲಿದ್ದಾರೆ. ಗಾಲ್ (ಇಂದಿನ ಫ್ರಾನ್ಸ್) ಪ್ರಾಂತದ ಎರಡನೇ ಡೊಮಿಷಿಯನ್‌ನ ಒಂದೇ ಒಂದು ನಾಣ್ಯ 1900ರಲ್ಲಿ ಫ್ರಾನ್ಸ್‌ನಲ್ಲಿ ಸಿಕ್ಕಾಗ ಅನೇಕರು ನಕಲಿ ಎಂದರು. 2003ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಹೊಲವೊಂದರಲ್ಲಿ ಸಿಕ್ಕ ನಿಧಿಯಲ್ಲಿ ಅವನದ್ದೇ ಇನ್ನೊಂದು ನಾಣ್ಯ ಸಿಕ್ಕಿತು. ಪಾಪ, ಆಳಿದ್ದು ಕೆಲವು ದಿನವೋ ವಾರವೋ. ಅಷ್ಟರಲ್ಲೇ ಅವನು ಮಾಡಿಸಿದ ಕೆಲಸ ಎಂದರೆ ನಾಣ್ಯ ಹೊಡೆಸಿದ್ದು.

ಇಲ್ಲಿಗೆ ನಮ್ಮ ಪ್ರಶ್ನೆಯೇ ಹೊರಳಿಕೊಳ್ಳುತ್ತದೆ. 293ರಲ್ಲಿ ಡಯೋಕ್ಲೀಷಿಯನ್ ಆಳ್ವಿಕೆಯನ್ನು ನಾಲ್ವರಿಗೆ ಹಂಚಿದ. ನಾಲ್ವರ ನಾಣ್ಯಗಳನ್ನೂ ಅಕ್ಕಪಕ್ಕ ಇಟ್ಟು, ಹೆಸರನ್ನು ಬೆರಳಿನಿಂದ ಮುಚ್ಚಿದರೆ ಯಾರು ಯಾರೆಂದು ಹೇಳುವುದು ಕಷ್ಟ. ಚೌಕಾಕಾರದ ತಲೆ, ದಪ್ಪ ಕೊರಳು, ಒತ್ತಾದ ಮೋಟುಗಡ್ಡ. ಹಿಂದಿನವನನ್ನು ಹೋಲುವುದಲ್ಲ, ಜೊತೆಯವನನ್ನು ಹೋಲುವುದು. ಕೆತ್ತುವವರ ಕೈ ಸೋತಿತು ಎಂದು ಕೆಲವರು ಇದನ್ನು ಅವನತಿ ಎಂದು ಬರೆಯುತ್ತಾರೆ, ನಾನು ಒಪ್ಪುವುದಿಲ್ಲ. ನಾಲ್ವರೂ ಒಂದೇ ಎಂದು ಹೇಳಬೇಕಿತ್ತು, ಹೇಳಿದ್ದಾರೆ.

ಆ ಕೂಟವನ್ನು ಮುರಿದ ಕಾನ್‌ಸ್ಟಂಟೈನ್ ಗಡ್ಡ ಬೋಳಿಸಿದ. ಗದ್ದಕ್ಕೊಂದು, ಮೂಗಿಗೊಂದು ವ್ಯಕ್ತಿತ್ವ ಮತ್ತೆ ಬಂತು. ಆಗಸ್ಟಸ್, ಟ್ರಾಜನ್ ಕಾಲದ ನಯ ಮರಳಿತು. ಮುಂದೆ ಎಲೆಮಾಲೆಯ ಜಾಗಕ್ಕೆ ರತ್ನದ ಪಟ್ಟಿ ಬಂತು, ಕೆಲವು ನಾಣ್ಯಗಳಲ್ಲಿ ಕಣ್ಣು ಮೇಲೆ ನೋಡತೊಡಗಿತು. ಅದು ಪ್ರಾರ್ಥನೆಯ ನೋಟ ಎಂದವನು ಅವನ ಕಾಲದ ಬಿಷಪ್ ಯೂಸೀಬಿಯಸ್. ಮಹಾ ಅಲೆಕ್ಸಾಂಡರನ ನಂತರದ ಗ್ರೀಕ್ ರಾಜರೂ ಹೀಗೇ ಮೇಲೆ ನೋಡುತ್ತಿದ್ದರು ಎಂಬುದನ್ನು ಬಿಷಪ್ಪರು ಹೇಳಲಿಲ್ಲ. ಕಾನ್‌ಸ್ಟಂಟೈನ್‌ನ ಮಕ್ಕಳದ್ದೆಲ್ಲ ಅದೇ ಬೋಳಿಸಿದ ಮುಖ. 361ರಲ್ಲಿ ಆಳಲು ಬಂದ ಜೂಲಿಯನ್ ಹಳೆಯ ದೇವರುಗಳ ಕಡೆ ತಿರುಗಿದ್ದ, ಅವನ ನಾಣ್ಯದಲ್ಲಿ ಉದ್ದನೆಯ ತತ್ತ್ವಜ್ಞಾನಿ ಗಡ್ಡ. ಆ ಗಡ್ಡಕ್ಕೆ ಆಂಟಿಯಾಕ್‌ನ ಜನ ಲೇವಡಿ ಮಾಡಿದರು. ಅವನು ಸತ್ತ ಮೇಲೆ ನಾಣ್ಯಗಳು ಮತ್ತೆ ನುಣುಪಾದವು.

395ರ ನಂತರ ಸಾಮ್ರಾಜ್ಯದ ಪೂರ್ವ ಭಾಗದ ಚಿನ್ನದ ನಾಣ್ಯದಲ್ಲಿ ಅರಸ ನಮ್ಮತ್ತ ತಿರುಗಿದ: ಶಿರಸ್ತ್ರಾಣ, ಕವಚ, ಹೆಗಲ ಮೇಲೆ ಈಟಿ. ಸುಮಾರು ಒಂದೂವರೆ ಶತಮಾನ ಹೆಸರು ಬದಲಾಯಿತು, ಮುಖ ಬದಲಾಗಲಿಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕಿದ್ದು ಈ ಬಗೆಯ ಬೈಜಾಂಟಿನ್, ಅಂದರೆ ಪೂರ್ವ ರೋಮನ್, ಚಿನ್ನ. ಈಗ ಮುಖ ಹೇಳುವುದು "ಪಟ್ಟದಲ್ಲಿ ಒಬ್ಬ ಇದ್ದಾನೆ" ಎಂದಷ್ಟೇ.

ಕೊನೆಯ ಚಿತ್ರ ಇದೇ ಪೂರ್ವದ ಅರಸ ಎರಡನೇ ಜಸ್ಟಿನಿಯನ್‌ನದು. ಏಳನೇ ಶತಮಾನದ ಕೊನೆಗೆ ಅವನು ಮುಂಬದಿಯನ್ನು ಕ್ರಿಸ್ತನಿಗೆ ಬಿಟ್ಟುಕೊಟ್ಟು ತಾನು ಹಿಂಬದಿಗೆ ಸರಿದ. 695ರಲ್ಲಿ ಅವನನ್ನು ಇಳಿಸಿ, ಮತ್ತೆಂದೂ ಪಟ್ಟಕ್ಕೆ ಯೋಗ್ಯನಾಗದಿರಲೆಂದು ಮೂಗು ಕೊಯ್ದು ಗಡಿಪಾರು ಮಾಡಿದರು. ಹತ್ತು ವರ್ಷಕ್ಕೆ ಅವನು ಸೈನ್ಯ ಕಟ್ಟಿಕೊಂಡು ವಾಪಸು ಬಂದು ಪಟ್ಟ ಹಿಡಿದ. ಆ ಎರಡನೇ ಆಳ್ವಿಕೆಯ ಚಿನ್ನದ ನಾಣ್ಯ ಇದು. ಮೂಗು ನೆಟ್ಟಗೆ, ಸರಿಯಾಗೇ ಇದೆ.

ಪ್ರಶ್ನೆಗಳಿದ್ದರೆ ಕೇಳಿ. ಚಿತ್ರಗಳನ್ನು ಮತ್ತೆ ಹಾಕಿ ತೋರಿಸುತ್ತೇನೆ.